ಈಜಿ ಬಂದ ಮೇಲೆ ಹಲ್ಲು ಜುಂ ಅನ್ನುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಳೆದ ವರ್ಷ ಮೇ ತಿಂಗಳು. ಮಗಳು ಬೆಳಿಗ್ಗೆ ಈಜಿ ಬಂದು ತಿಂಡಿಗೆ ಕೂತಳು. ತಟ್ಟೆಯಲ್ಲಿ ಮಾವಿನಹಣ್ಣಿನ ಹೋಳು ಇತ್ತು. ಒಂದು ಕಚ್ಚಿದ್ದೇ ತಡ, ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು. "ಅಮ್ಮ, ಮುಂದಿನ ಹಲ್ಲೆಲ್ಲ ಜುಂ ಅಂತಿದೆ" ಅಂದಳು.

ಹುಳುಕು ಇರಬೇಕು ಅಂದುಕೊಂಡು ಟಾರ್ಚ್ ಹಾಕಿ ನೋಡಿದೆ. ಹುಳುಕು ಇರಲಿಲ್ಲ. ಮೇಲಿನ ಎರಡು ದೊಡ್ಡ ಹಲ್ಲುಗಳ ಅಂಚು ಮಾತ್ರ ಗಾಜಿನ ಹಾಗೆ ಕಾಣುತ್ತಿತ್ತು. ಟಾರ್ಚಿನ ಬೆಳಕು ಅದರ ಮೂಲಕ ಆಚೆಗೆ ಹಾಯುತ್ತಿತ್ತು. ಪೇಸ್ಟ್ ಬದಲಿಸಿದೆ. ಹುಳಿ ತಿನ್ನುವುದು ಬಿಡಿಸಿದೆ. ಮೂರು ವಾರ ಹಾಗೇ ಕಳೆಯಿತು, ಏನೂ ಕಡಿಮೆಯಾಗಲಿಲ್ಲ. ಕಡೆಗೆ ಗೊತ್ತಾಯಿತು, ದೋಷ ಇದ್ದದ್ದು ಅವಳು ದಿನಾ ಎರಡು ಗಂಟೆ ಮುಖ ಅದ್ದುತ್ತಿದ್ದ ನೀರಿನಲ್ಲಿ. ಆ ಮೂರು ವಾರ ನಿಮ್ಮ ಮನೆಯಲ್ಲಿ ಹಾಳಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀರು ಸರಿಯಾಗಿದ್ದು, ವಾರಕ್ಕೆ ಒಂದೆರಡು ಸಲ ಖುಷಿಗೆ ಈಜುವವರ ಹಲ್ಲಿಗೆ ಹೆದರಬೇಕಾದ್ದು ಏನೂ ಇಲ್ಲ. ಕೆರೆ, ಬಾವಿ, ಹೊಳೆ, ಸಮುದ್ರದ ನೀರೂ ಎನಾಮಲ್ ಅನ್ನು, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರವನ್ನು, ಕರಗಿಸುವಷ್ಟು ಹುಳಿಯಲ್ಲ. ಈ ಲೇಖನ ಓದಿ ಮಕ್ಕಳ ಈಜು ಬಿಡಿಸಬೇಡಿ, ದಯವಿಟ್ಟು.

## ಮೊದಲು ಕೇಳಿಕೊಳ್ಳಬೇಕಾದ್ದು: ಯಾವಾಗ? ಯಾವ ಹಲ್ಲು? ಯಾವ ಮುಖ?

ಎಲ್ಲಕ್ಕಿಂತ ಮೊದಲು ನೋವಿನ ಸಮಯ ಗಮನಿಸಿ. ಈಜಿದ ದಿನ ಜಾಸ್ತಿ, ಪೂಲ್ ರಜೆ ಇದ್ದ ವಾರ ಕಡಿಮೆ ಅಂದರೆ ಅನುಮಾನ ನೀರಿನ ಕಡೆ ಹೋಗಬೇಕು. ಈಜಿಗೂ ನೋವಿಗೂ ತಾಳೆಯೇ ಆಗುತ್ತಿಲ್ಲ ಅಂದರೆ ಬೇರೆ ಕಾರಣ ಹುಡುಕಿ.

ಆಮೇಲೆ ಹಗಲು ಬೆಳಕಲ್ಲಿ ಕನ್ನಡಿ ಮುಂದೆ ನಿಂತು, ತುಟಿ ಎತ್ತಿ ನೋಡಿ. ಫೋನಿನಲ್ಲಿ ಫೋಟೊ ತೆಗೆದಿಡಿ. ಹಲ್ಲಿನ ಯಾವ ಮುಖ ಹಾಳಾಗಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

ಮುಂದಿನ ಹಲ್ಲುಗಳ ತುಟಿ ಕಡೆಯ ಮುಖ ಸವೆದಿದ್ದರೆ ಹುಳಿ ಹೊರಗಿಂದ ಬಂದಿದೆ. ಅದು ಪೂಲಿನ ನೀರಿರಬಹುದು, ಕುಡಿಯುವ ಹುಳಿ ಪಾನೀಯವೂ ಇರಬಹುದು. ಸವೆತ ನಾಲಿಗೆ ಕಡೆಯ ಮುಖದಲ್ಲಿದ್ದರೆ ಹುಳಿ ಹೊಟ್ಟೆಯಿಂದ ಬರುತ್ತಿದೆ. ಹುಳಿತೇಗು ಅಥವಾ ಪದೇ ಪದೇ ವಾಂತಿ ಆಗುವವರಲ್ಲಿ ಹೀಗಾಗುತ್ತದೆ. ಹೊಟ್ಟೆ ತುಂಬ ತಿಂದು ತಕ್ಷಣ ನೀರಿಗಿಳಿಯುವ ಅಭ್ಯಾಸ ಇದ್ದರೆ ಅದನ್ನೂ ಗಮನಿಸಿ. ವಸಡಿನ ಪಕ್ಕದಲ್ಲಿ ಕಚ್ಚು ಹಾಕಿದ ಹಾಗೆ ಗುಂಡಿ ಬಿದ್ದಿದ್ದರೆ ಸಾಮಾನ್ಯವಾಗಿ ಅದು ಬ್ರಷ್ಷನ್ನು ಜೋರಾಗಿ ಉಜ್ಜಿದ್ದರ ಫಲ.

ಸವೆತ ಇಲ್ಲ, ಬದಲಿಗೆ ಕಂದು ಬಣ್ಣದ ಪದರ ಕೂತಿದೆ, ಉಗುರು ಆಡಿಸಿದರೆ ಒರಟು ಅಂದರೆ ಅದು ಬೇರೆಯೇ ದೋಷ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ರಾಜ್ಯದವರು ಇನ್ನೊಂದನ್ನು ನೆನಪಿಡಬೇಕು. ಕೋಲಾರ, ಪಾವಗಡ, ಮುಂಡರಗಿ ಕಡೆ ಕೊಳವೆ ಬಾವಿ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಗೆರೆ ಇರುತ್ತವೆ. ಅದು ಫ್ಲೋರೈಡ್ ಜಾಸ್ತಿಯಾಗಿ ಆದದ್ದು. ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಆಗಿಹೋಗಿರುತ್ತದೆ. ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಹಲ್ಲು ಹುಟ್ಟಿದಾಗಿನ ಫೋಟೊದಲ್ಲೂ ಆ ಕಲೆ ಇದ್ದರೆ ಪೂಲನ್ನು ದೂರಬೇಡಿ.

## ದೋಷ ಒಂದು: ಪೂಲಿನ ನೀರು ಹುಳಿಯಾಗಿದೆ

ನೀರಿನ ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಪೂಲಿನ ನೀರು 7.2ರಿಂದ 7.8ರ ಒಳಗೆ ಇರಬೇಕು. ಹಲ್ಲಿನ ಎನಾಮಲ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಕರಗಲು ಶುರು. ಈ ಅಳತೆಯಲ್ಲಿ ಒಂದೊಂದು ಅಂಕಿ ಇಳಿದರೂ ಹುಳಿ ಹತ್ತು ಪಟ್ಟು ಏರುತ್ತದೆ. 7ರಿಂದ 4ಕ್ಕೆ ಇಳಿದರೆ ಮೂರು ಪಟ್ಟು ಅಲ್ಲ, ಸಾವಿರ ಪಟ್ಟು. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ನೀರು ಹುಳಿಯಾಗಲು ಕಾರಣ ಬಹಳ ಸಲ ಅದಕ್ಕೆ ಹಾಕುವ ಕ್ಲೋರಿನ್ನಿನ ಬಗೆ. ಸಿಲಿಂಡರಿನ ಕ್ಲೋರಿನ್ ಗ್ಯಾಸ್ ನೀರಿನಲ್ಲಿ ಕರಗಿದರೆ ಜೊತೆಗೆ ಹೈಡ್ರೋಕ್ಲೋರಿಕ್ ಆಸಿಡ್ ಹುಟ್ಟುತ್ತದೆ. ಟಿಸಿಸಿಎ ಎಂದು ಡಬ್ಬದಲ್ಲಿ ಬರುವ ಕ್ಲೋರಿನ್ ಪುಡಿ, ಬಿಲ್ಲೆ ಕೂಡ ಹುಳಿಯೇ. ಅದನ್ನು ಕರಗಿಸಿದ ನೀರಿನ ಪಿಎಚ್ ಸುಮಾರು 3. ಹೈಪೋ ಎನ್ನುವ ದ್ರವ ಕ್ಲೋರಿನ್, ಬ್ಲೀಚಿಂಗ್ ಪುಡಿ ಇದಕ್ಕೆ ತದ್ವಿರುದ್ಧ, ಅವು ಪಿಎಚ್ ಅನ್ನು ಮೇಲೆ ಏರಿಸುತ್ತವೆ. ಅದನ್ನು ಇಳಿಸಲು ಆಸಿಡ್ ಸುರಿಯುತ್ತಾರೆ. ಅಲ್ಲಿ ಕೈ ಜಾಸ್ತಿಯಾದರೆ ಅದೂ ಹುಳಿ.

ಇದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಅಮೆರಿಕದ ವರ್ಜೀನಿಯಾ ರಾಜ್ಯದ ಷಾರ್ಲಟ್ಸ್‌ವಿಲ್‌ನ ಪ್ರಕರಣವನ್ನು ಹಲ್ಲಿನ ಡಾಕ್ಟರುಗಳು ಇಂದಿಗೂ ಹೇಳುತ್ತಾರೆ. 1982ರಲ್ಲಿ ಅಲ್ಲಿನ ಈಜುಗಾರರ ಹಲ್ಲು ಆಸಿಡ್ ತಾಗಿದ ಹಾಗೆ ಸವೆದಿರುವುದು ಕಂಡುಬಂತು. ಎಲ್ಲರೂ ಒಂದೇ ಕ್ಲಬ್ಬಿನ ಪೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಗ್ಯಾಸ್ ಕ್ಲೋರಿನ್ ಬಳಸುತ್ತಿದ್ದ ಪೂಲ್ ಅದು. ನೀರು ಅಳೆದರೆ ಪಿಎಚ್ 2.7 ಬಂತು. ಇರಬೇಕಾದ್ದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಹುಳಿ. ಕ್ಲಬ್ಬಿನ 747 ಜನರನ್ನು ವಿಚಾರಿಸಿದರು. ಹಲ್ಲಿನ ತೊಂದರೆ ಹೇಳಿದವರು ಈಜದವರಲ್ಲಿ ಶೇ. 3, ಸುಮ್ನೆ ಈಜುವವರಲ್ಲಿ ಶೇ. 12, ತಂಡದಲ್ಲಿದ್ದು ದಿನಾ ಈಜುವವರಲ್ಲಿ ಶೇ. 39.

ಈ ಮೂರು ಅಂಕಿಗಳಲ್ಲಿ ನಮಗೆ ಬೇಕಾದ ಒಂದು ಉಪಾಯವಿದೆ. ನಿಮ್ಮ ಮಗುವಿನ ಬಾಯಿ ನೋಡಿದರೆ ಸಾಲದು, ಜೊತೆಯಲ್ಲಿ ಈಜುವ ನಾಲ್ಕು ಮಕ್ಕಳನ್ನು ಕೇಳಿ. ನಾನು ಕೇಳಿದಾಗ ಬೆಳಗಿನ ತಂಡದ ಆರು ಮಕ್ಕಳಲ್ಲಿ ನಾಲ್ವರು "ಹೌದು ಆಂಟಿ, ಐಸ್‌ಕ್ರೀಮ್ ತಿನ್ನೋಕಾಗಲ್ಲ" ಅಂದರು. ಅಷ್ಟು ದಿನ ಒಬ್ಬರೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಒಂದು ಬಾಯಿಯಲ್ಲಿ ತೊಂದರೆ ಇದ್ದರೆ ಕಾರಣ ಆ ಬಾಯಿಯಲ್ಲಿ ಇರಬಹುದು. ನಾಲ್ಕು ಬಾಯಿಯಲ್ಲಿದ್ದರೆ ಕಾರಣ ನೀರಿನಲ್ಲಿ.

ನೀರನ್ನು ಅಳೆಯುವಾಗ ಬೀಳುವ ಎರಡು ಹಳ್ಳ

"ದಿನಾ ಟೆಸ್ಟ್ ಮಾಡ್ತೀವಿ" ಎಂದು ಪೂಲಿನವರು ಹೇಳಿದರೆ ಅದು ಸುಳ್ಳೇ ಆಗಬೇಕಿಲ್ಲ. ನಾವು ಹೋಗುತ್ತಿದ್ದ ಪೂಲಿನಲ್ಲಿ ನಿಜಕ್ಕೂ ಮಾಡುತ್ತಿದ್ದರು. ನೀರು ನೋಡಿಕೊಳ್ಳುವ ಹುಡುಗ ನನ್ನ ಮುಂದೆಯೇ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿದ. ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಫಿನಾಲ್ ರೆಡ್ ದ್ರವ ಐದು ಹನಿ ಹಾಕಿ ಅಲ್ಲಾಡಿಸಿದ. ನೀರು ನಿಂಬೆಹಣ್ಣಿನ ಸಿಪ್ಪೆಯ ಹಾಗೆ ಹಳದಿಯಾಯಿತು. "ಹಳದಿ ಅಂದ್ರೆ 6.8 ಅಕ್ಕ. ಸ್ವಲ್ಪ ಕಡಿಮೆ ಅಷ್ಟೇ" ಅಂದ. ಗೋಡೆಗೆ ನೇತುಹಾಕಿದ್ದ ಪುಸ್ತಕ ತೆಗೆದು ನೋಡಿದೆ. 6.8, 6.8, 6.8, 6.8. ಎರಡು ತಿಂಗಳು ಪೂರ್ತಿ ಅದೇ ಅಂಕಿ.

ಪೂಲಿನ ನೀರು ಎರಡು ತಿಂಗಳು ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ, ಅಲ್ವಾ? ಬಿಸಿಲು, ಮಳೆ, ಜನ, ಕ್ಲೋರಿನ್, ಎಲ್ಲವೂ ಅದನ್ನು ಆಡಿಸುತ್ತವೆ. ಅಂಕಿ ನಿಂತಿದ್ದು ನೀರು ನಿಂತದ್ದರಿಂದ ಅಲ್ಲ, ಅಳತೆ ಅಲ್ಲಿಗೆ ಮುಗಿದದ್ದರಿಂದ. ಫಿನಾಲ್ ರೆಡ್ ಸುಮಾರು 6.8ರಲ್ಲಿ ಹಳದಿಯಾಗುತ್ತದೆ. ಅದಕ್ಕಿಂತ ಕೆಳಗೆ 6 ಇರಲಿ, 5 ಇರಲಿ, 3 ಇರಲಿ, ಅದೇ ಹಳದಿ. ಆ ಹುಡುಗನದು ಏನೂ ತಪ್ಪಿಲ್ಲ. ಅವನ ಡಬ್ಬಿ ಅವನಿಗೆ ಅಷ್ಟೇ ಹೇಳುತ್ತಿತ್ತು.

ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ 1ರಿಂದ 14ರವರೆಗೆ ಅಳೆಯುವ ಪಿಎಚ್ ಪೇಪರ್ ತಂದೆ. ಮರುದಿನ ಅದನ್ನು ಅದೇ ನೀರಿಗೆ ಅದ್ದಿದಾಗ ಕಿತ್ತಳೆ ಬಣ್ಣ ಬಂತು. ಪಟ್ಟಿಗೆ ಹೋಲಿಸಿದರೆ ಹೆಚ್ಚುಕಡಿಮೆ 4. ಹುಡುಗ ಇನ್ನೊಂದು ಪೇಪರ್ ಇಸಿದುಕೊಂಡು ತಾನೇ ಅದ್ದಿ ನೋಡಿದ. ಅದೇ ಬಣ್ಣ. "ಅಕ್ಕ, ಈಗಲೇ ಪಂಪ್ ಹಾಕಿ ಪೂಲ್ ಮುಚ್ತೀನಿ" ಅಂದ.

ಹಾಗಾಗಿ ಮಾಡಬೇಕಾದ್ದು ಇದು. ನೀರು ಒಳಗೆ ಬರುವ ತೂತಿನಿಂದ ದೂರ ಹೋಗಿ, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ. ಮೇಲ್ಮೈ ನೀರು ಬೇಡ. ಬಿಳಿ ಕಾಗದದ ಮುಂದೆ ಹಿಡಿದು ಹಗಲು ಬೆಳಕಲ್ಲಿ ಬಣ್ಣ ನೋಡಿ. ಪೂರ್ತಿ ಹಳದಿ ಬಂದರೆ ಅದನ್ನು 6.8 ಎಂದು ಬರೆಯಬೇಡಿ, "6.8 ಅಥವಾ ಕಡಿಮೆ" ಎಂದು ಬರೆದು ಅಗಲ ಅಳತೆಯ ಪೇಪರ್ ಅದ್ದಿ.

ಎರಡನೇ ಹಳ್ಳ ಇದಕ್ಕಿಂತ ಮೋಸದ್ದು. ನೀರಿನಲ್ಲಿ ಕ್ಲೋರಿನ್ ವಿಪರೀತ ಇದ್ದರೆ ಫಿನಾಲ್ ರೆಡ್ಡೇ ಕೆಟ್ಟು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಪಿಎಚ್ ಜಾಸ್ತಿ ಇದೆ ಎಂದುಕೊಂಡು ಆಸಿಡ್ ಸುರಿಯುತ್ತಾರೆ. ಸರಿ ಇದ್ದ ನೀರೂ ಹುಳಿಯಾಗುತ್ತದೆ. ಬಣ್ಣ ಪಟ್ಟಿಯಲ್ಲಿಲ್ಲದ ನೇರಳೆ ಕಂಡರೆ ಏನನ್ನೂ ಸುರಿಯದೆ, ಕ್ಲೋರಿನ್ ಇಳಿಯಲು ಬಿಟ್ಟು ಮತ್ತೆ ಅಳೆಯಬೇಕು.

ಕೈಯಲ್ಲಿ ಪೇಪರ್ ಇಲ್ಲದಿದ್ದರೂ ಪೂಲ್ ಕೆಲವು ಗುರುತು ಕೊಡುತ್ತದೆ. ಟೈಲ್ಸ್ ನಡುವಿನ ಸಿಮೆಂಟ್ ಕೊರೆದು ಹೋಗಿರುತ್ತದೆ. ಏಣಿಯ ಬುಡ ತುಕ್ಕು ಹಿಡಿದಿರುತ್ತದೆ. ಗೋಡೆ ಅಂಗಾಲಿಗೆ ಉಪ್ಪುಕಾಗದದ ಹಾಗೆ ತಾಗುತ್ತದೆ. ಹಲ್ಲು ಕರಗಿಸುವ ನೀರು ಸಿಮೆಂಟನ್ನು ಬಿಡುತ್ತದೆಯೇ? ಕಣ್ಣುರಿ, ಮೂಗಿಗೆ ಹೊಡೆಯುವ ವಾಸನೆ ಮಾತ್ರ ಸಾಕ್ಷಿಯಲ್ಲ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದರೂ ಅವು ಬರುತ್ತವೆ.

ಸರಿಪಡಿಸುವುದು

ಇದು ಪೂಲಿನವರ ಕೆಲಸ, ನಮ್ಮದಲ್ಲ. ಆದರೆ ಏನು ಮಾಡುತ್ತಾರೆ ಎಂದು ಗೊತ್ತಿದ್ದರೆ ಕೇಳಲು ಧೈರ್ಯ ಬರುತ್ತದೆ. ಜನರನ್ನು ಹೊರಗೆ ಕಳಿಸಿ, ಪಿಎಚ್ ಏರಿಸುವ ಸೋಡಾ ಆಶ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕರಗಿಸಿ, ಪಂಪ್ ಓಡುತ್ತಿರುವಾಗ ಸುತ್ತ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕೆಲವು ಗಂಟೆ ಬಿಟ್ಟು ಅಳೆಯಬೇಕು. ಆಲ್ಕಲಿನಿಟಿ ಎಂಬ ಇನ್ನೊಂದು ಅಳತೆಯನ್ನೂ ಕೇಳಿ. ಹುಳಿ ಬಿದ್ದರೂ ಪಿಎಚ್ ಧೊಪ್ಪನೆ ಬೀಳದಂತೆ ತಡೆಯುವುದು ಅದು. 80ರಿಂದ 120 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್ ಹಾಕಿ ಏರಿಸುತ್ತಾರೆ. ನಮ್ಮ ಪೂಲಿನಲ್ಲಿ ಅದು ಪೂರ್ತಿ ಬರಿದಾಗಿತ್ತು. ತಿಂಗಳುಗಟ್ಟಲೆ ಟಿಸಿಸಿಎ ಹಾಕುತ್ತಾ ಬಂದಿದ್ದರು, ಸೋಡಾ ಹಾಕಿರಲಿಲ್ಲ.

ಸ್ವಂತ ಪೂಲ್ ಇರುವವರು ಒಂದು ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ಹೈಪೋಗೆ ಆಸಿಡ್ ಬೆರೆತರೆ ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ. ಟಿಸಿಸಿಎ ಮತ್ತು ಬ್ಲೀಚಿಂಗ್ ಪುಡಿ ಸೇರಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಒಂದೇ ಮಗ್‌ನಲ್ಲಿ ಎರಡನ್ನೂ ಅಳೆಯಬೇಡಿ.

## ದೋಷ ಎರಡು: ಮುಂದಿನ ಹಲ್ಲಿಗೆ ಕಂದು ಕಿಟ್ಟ

ವಾರಕ್ಕೆ ಆರು ಗಂಟೆಗಿಂತ ಜಾಸ್ತಿ ಈಜುವವರಲ್ಲಿ ಇದು ಕಾಣುತ್ತದೆ. ಮುಂದಿನ ಹಲ್ಲಿನ ಮೇಲೆ ಹಳದಿ ಕಂದು ಅಥವಾ ಗಾಢ ಕಂದು ಪದರ ಕಟ್ಟುತ್ತದೆ. ಇಲ್ಲಿ ನೀರು ಹುಳಿಯಾಗಬೇಕಿಲ್ಲ. ಪೂಲಿನ ನೀರು ಎಂಜಲಿಗಿಂತ ಕ್ಷಾರ, ಜೊತೆಗೆ ಅದರಲ್ಲಿ ನೀರು ಶುಚಿ ಮಾಡಲು ಹಾಕಿದ ಔಷಧಿ ಇರುತ್ತದೆ. ಅದು ಗಂಟೆಗಟ್ಟಲೆ ಹಲ್ಲಿಗೆ ತಾಗಿದಾಗ ಎಂಜಲಿನ ಪ್ರೊಟೀನ್ ಒಡೆದು ಹಲ್ಲಿಗೆ ಅಂಟಿ ಗಟ್ಟಿಯಾಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಹಲ್ಲು ಕರಗಿರುವುದಿಲ್ಲ.

ಇದಕ್ಕೆ ಪರಿಹಾರ ಸ್ಕೇಲಿಂಗ್, ಅಂದರೆ ಉಪಕರಣದಿಂದ ಕಿಟ್ಟ ತೆಗೆಯುವುದು, ಅಷ್ಟೇ. ಹಲ್ಲಿನ ಡಾಕ್ಟರು ಒಂದೇ ಸಲ ಕೂರಿಸಿ ತೆಗೆದುಬಿಡುತ್ತಾರೆ. ಮನೆಯಲ್ಲಿ ಪಿನ್ನಿನಿಂದ ಕೆರೆಯುವುದು, ಇದ್ದಿಲು ಪುಡಿಯಲ್ಲಿ ತಿಕ್ಕುವುದು, ನಿಂಬೆಹಣ್ಣು ಉಜ್ಜುವುದು ಬೇಡವೇ ಬೇಡ. ನಿಂಬೆ ಉಜ್ಜಿದರೆ ಇಲ್ಲದ ಸವೆತವನ್ನು ನಾವೇ ತಂದ ಹಾಗೆ.

## ದೋಷ ಮೂರು: ನೀರಲ್ಲ, ಬಾಟಲಿ

ನೀರು ಅಳೆದಿರಿ, 7.4 ಬಂತು. ಆದರೂ ತುಟಿ ಕಡೆಯ ಮುಖ ಸವೆಯುತ್ತಿದೆ. ಹಾಗಿದ್ದರೆ ಬ್ಯಾಗಿನಲ್ಲಿರುವ ಬಾಟಲಿ ತೆಗೆದು ಮೂಸಿ. ನಿಂಬೆ ಶರಬತ್ತು, ಸ್ಪೋರ್ಟ್ಸ್ ಡ್ರಿಂಕ್, ಸೋಡಾ, ಎಲ್ಲವೂ ಎನಾಮಲ್ಲಿನ ಗಡಿಗಿಂತ ಕೆಳಗಿನವು. ನಿಂಬೆರಸದ ಪಿಎಚ್ 2ರ ಆಸುಪಾಸು. ಒಂದು ಲೋಟ ಗಟಗಟ ಕುಡಿದು ಮುಗಿಸಿದರೆ ಅಷ್ಟು ತೊಂದರೆ ಇಲ್ಲ, ಎಂಜಲು ಅದನ್ನು ತೊಳೆದುಕೊಳ್ಳುತ್ತದೆ. ಎರಡು ಗಂಟೆ ಅಭ್ಯಾಸದಲ್ಲಿ ಪ್ರತಿ ಸುತ್ತಿಗೂ ಒಂದು ಗುಟುಕು ಹೀರಿದರೆ ಎಂಜಲಿಗೆ ಬಿಡುವೇ ಸಿಗುವುದಿಲ್ಲ. ಬಾಯಿಯಲ್ಲಿ ಉಸಿರೆಳೆದು ಬಾಯಿ ಬೇರೆ ಒಣಗಿರುತ್ತದೆ. ಪೂಲಿನ ಪಕ್ಕ ಬರೀ ನೀರಿರಲಿ. ಮನೆಗೆ ಬಂದು ಮಜ್ಜಿಗೆಯೋ ಹಾಲೋ ಕುಡಿಯಲಿ.

ಎರಡು ವಾರ ಬಾಟಲಿ ಬದಲಿಸಿ ನೋಡಿ. ಜುಂ ಅನ್ನುವುದು ಕಡಿಮೆಯಾದರೆ ದೋಷ ಸಿಕ್ಕಿತು.

## ದೋಷ ನಾಲ್ಕು: ಆಳಕ್ಕಿಳಿದಾಗ ಮಾತ್ರ ನೋವು

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವವರು ಈಗ ಬಹಳ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಸಡಿಲಾದ ಫಿಲ್ಲಿಂಗ್ ಕೆಳಗೆ ಅಥವಾ ಹುಳುಕಿನೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಅಲ್ಲಿ ನೋವು ಶುರು. ಒಂದೇ ಹಲ್ಲು ಎಂದು ಬೆರಳಿಟ್ಟು ತೋರಿಸಬಹುದಾದರೆ ಹಲ್ಲಿನದೇ ದೋಷ. ಮೇಲಿನ ದವಡೆ ಹಲ್ಲು ಮೂರು ನಾಲ್ಕು ಒಟ್ಟಿಗೆ ನೋಯುತ್ತಿದೆ, ಬಗ್ಗಿದರೆ ಜಾಸ್ತಿ, ಮೂಗು ಕಟ್ಟಿದೆ ಅಂದರೆ ಅದು ಸೈನಸ್. ಶೀತ ಇಳಿಯುವವರೆಗೆ ನೀರಿಗಿಳಿಯಬೇಡಿ. ತಾತ್ಕಾಲಿಕ ಫಿಲ್ಲಿಂಗ್ ಹಾಕಿಸಿಕೊಂಡವರು, ಹಲ್ಲು ಕೀಳಿಸಿಕೊಂಡವರು ಡಾಕ್ಟರನ್ನು ಕೇಳದೆ ಡೈವ್ ಮಾಡಬಾರದು.

## ಪೂಲಿನ ಅಂಚಿಗೆ ಬಡಿದು ಹಲ್ಲು ಉದುರಿದರೆ

ಇಲ್ಲಿ ಹುಡುಕುತ್ತಾ ಕೂರಲು ಸಮಯ ಇಲ್ಲ. ಬಿದ್ದ ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಕೊಳೆಯಾಗಿದ್ದರೆ ಹಾಲಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಶಾಶ್ವತ ಹಲ್ಲಾದರೆ ಅದೇ ಗೂಡಿಗೆ ಕೂರಿಸಿ, ಕರವಸ್ತ್ರ ಕಚ್ಚಿಸಿ, ಡಾಕ್ಟರ ಹತ್ತಿರ ಓಡಿ. ಕೂರಿಸಲು ಆಗದಿದ್ದರೆ ಹಾಲಿನಲ್ಲಿ ಹಾಕಿ ಒಯ್ಯಿರಿ, ಪೂಲಿನ ನೀರಿನಲ್ಲಿ ಅಲ್ಲ. ಅರ್ಧ ಗಂಟೆಯೊಳಗೆ ತಲುಪಿದರೆ ಹಲ್ಲು ಉಳಿಯುವ ಆಸೆ ಇರುತ್ತದೆ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು.

## ದೋಷ ಸಿಗುವವರೆಗೆ ಮನೆಯಲ್ಲಿ

ಈಜಿ ಬಂದ ಕೂಡಲೇ ಬ್ರಷ್ ಮಾಡಬೇಡಿ. ಹುಳಿ ತಾಗಿ ಮೆತ್ತಗಾದ ಎನಾಮಲ್ಲಿನ ಮೇಲೆ ಬ್ರಷ್ ಆಡಿದರೆ ಇನ್ನಷ್ಟು ಸವೆಯುತ್ತದೆ. ಬರೀ ನೀರಿನಲ್ಲಿ, ಅಥವಾ ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ. ಒಂದು ಗಂಟೆ ಬಿಟ್ಟು ಫ್ಲೋರೈಡ್ ಇರುವ ಪೇಸ್ಟಿನಲ್ಲಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ. ನೊರೆ ಉಗಿಯಿರಿ, ಆದರೆ ಮತ್ತೆ ಮತ್ತೆ ಮುಕ್ಕಳಿಸಬೇಡಿ. ಪೇಸ್ಟ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಇರಲಿ. ತೆಗೆದು ಹಾಕುವ ಕ್ಲಿಪ್, ಸೆಟ್ಟು ಇದ್ದವರು ಅದನ್ನು ಡಬ್ಬಿಯಲ್ಲಿಟ್ಟು ನೀರಿಗಿಳಿಯಲಿ.

ಡಾಕ್ಟರ ಹತ್ತಿರ ಹೋದಾಗ ಈಜಿನ ವಿಷಯ ನೀವೇ ಹೇಳಿ. ಮೊದಲ ಸಲ ನಾನು ಹೇಳಲಿಲ್ಲ, ಹೇಳಬೇಕು ಅಂತ ಹೊಳೆಯಲೇ ಇಲ್ಲ. ಎರಡನೇ ಸಲ ವಾರಕ್ಕೆ ಎಷ್ಟು ಗಂಟೆ, ಯಾವ ಕ್ಲೋರಿನ್, ಪೇಪರಿನ ಬಣ್ಣ ಏನು ಬಂತು, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋದೆ. ಡಾಕ್ಟರು ಸಣ್ಣ ಕನ್ನಡಿ ಹಿಡಿದು ಹಲ್ಲಿನ ಹಿಂದಿನ ಮುಖ ನೋಡಿ, "ಇಲ್ಲಿ ಏನೂ ಆಗಿಲ್ಲ, ಮುಂದೆ ಮಾತ್ರ" ಅಂದರು. ನೀರಿನ ಮೇಲಿದ್ದ ಅನುಮಾನ ಗಟ್ಟಿಯಾಯಿತು. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ ಎಂದೂ ಅವರೇ ಹೇಳಿದರು. ಆ ದಿನ ಮನೆಗೆ ಬಂದು ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಂಚು ಮುರಿಯುವಷ್ಟು ತೆಳುವಾದರೆ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಚ್ಚಿ ಕಾಪಾಡುತ್ತಾರೆ. ಮಗಳಿಗೆ ಸದ್ಯ ಫ್ಲೋರೈಡ್ ಹಚ್ಚಿ ಬಿಟ್ಟಿದ್ದಾರೆ.

ಪೂಲ್ ಎಂಟು ದಿನ ಮುಚ್ಚಿ ತೆರೆದರು. ಪುಸ್ತಕದಲ್ಲಿ ಈಗ 7.3, 7.5, 7.4 ಎಂದು ಅಂಕಿ ಆಡುತ್ತಿದೆ. ಮಗಳು ಮತ್ತೆ ಹೋಗುತ್ತಿದ್ದಾಳೆ. ತಿಂಗಳಿಗೊಮ್ಮೆ ಕಿಟಕಿ ಬಳಿ ನಿಲ್ಲಿಸಿ ಅದೇ ಬೆಳಕಲ್ಲಿ ಹಲ್ಲಿನ ಫೋಟೊ ತೆಗೆಯುತ್ತೇನೆ. ಮೊನ್ನೆ ಭಾನುವಾರದ ಫೋಟೊವನ್ನು ಆರು ತಿಂಗಳ ಹಿಂದಿನದರ ಪಕ್ಕ ಇಟ್ಟು ನೋಡಿದೆ. ಗಾಜಿನಂಥ ಆ ಅಂಚು ಎಷ್ಟಿತ್ತೋ ಅಷ್ಟೇ ಇದೆ.